ಗುಟ್ಟುಸಂಚಾರ ಮೀಮಾಂಸೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನರ್ಸಿಂಗ್ ಹೋಮುಗಳಲ್ಲಿ ರೋಗಿಯ ಗುಟ್ಟು ಹೇಗೆ ಹುಟ್ಟಿ ಎಲ್ಲೆಲ್ಲಿ ತಿರುಗುತ್ತದೆ ಎಂಬುದೇ ಈ ಪ್ರಬಂಧದ ವಸ್ತು. ಪೂರ್ವಸೂರಿಗಳು ಇದನ್ನು ಕಟ್ಟೆಯ ಮೇಲೆ ಚರ್ಚಿಸಿ ಅಲ್ಲಿಗೇ ಕೈಬಿಟ್ಟಿದ್ದು ವಿದ್ವತ್‌ಲೋಕದ ದುರ್ದೈವ.

ಮೊದಲು ಪೂರ್ವಪಕ್ಷ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದರು. ಹೇಳಿಸಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ರೋಗಿಯ ಗುಟ್ಟನ್ನು ವೈದ್ಯರು ಬಿಟ್ಟುಕೊಡಬಾರದೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಅದಕ್ಕೂ ಮೊದಲೇ ಸಾರಿತ್ತು. ಡಿಜಿಟಲ್ ಮಾಹಿತಿಗೆ ತಕ್ಕ ಭದ್ರತೆ ಇಡದವರಿಗೆ 2023ರ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೂ ದಂಡವಿದೆ. ಬಾಯಿಂದ ಸೋರಿದ್ದರ ಬಗ್ಗೆ ಆ ಕಾಯ್ದೆ ತುಟಿ ಬಿಚ್ಚುವುದಿಲ್ಲ.

ಇನ್ನು ಉತ್ತರಪಕ್ಷ. ಕಂಪೌಂಡರ್ ಬಾಗಿಲಿಗೆ ಬಂದು "ರಾಮದುರ್ಗದ ಮೂಲವ್ಯಾಧಿಯವ್ರು ಯಾರ್ರೀ? ಲಗೂನ ಬರ್ರಿ!" ಎಂದು ಕೂಗಿದ ಕ್ಷಣವೇ ಗುಟ್ಟಿನ ಜನನ. ಬೆಂಚಿನ ಮಂದಿ ಒಮ್ಮೆಲೇ ತಿರುಗುತ್ತಾರೆ. ಆಸಾಮಿ ಎದ್ದು, ಕರೆದದ್ದು ತನ್ನನ್ನಲ್ಲ ಎಂಬಂತೆ ಒಮ್ಮೆ ಹಿಂದೆ ನೋಡಿ, ಧೋತರದ ಚುಂಗು ಸರಿಮಾಡಿಕೊಂಡು ಒಳಹೋಗುತ್ತಾನೆ. ಅಲ್ಲಿ ಹಸಿರು ಪರದೆಯಿದೆ. ಕಣ್ಣಿಗೆ ಅಡ್ಡ, ಕಿವಿಗಲ್ಲ. ಆಚೆ ಕಾಟಿನ ಅಜ್ಜಿ "ಯಾಕೋ ಯಪ್ಪಾ, ಸಕ್ರಿನೂ ಐತಂತ?" ಎಂದು ಮರುಗುತ್ತಾಳೆ. ಎಳನೀರು ಹಿಡಿದು ನೋಡಲು ಬಂದ ಬೀಗರ ಜತೆ ಗುಟ್ಟು ಟಂಟಂ ಹತ್ತುತ್ತದೆ. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮೂಲವ್ಯಾಧಿ ಕ್ಯಾನ್ಸರ್ ಆಗಿರುತ್ತದೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತಿದರೆ ಪರವೂರಿನವರೂ "ಇನ್ನ ಎಷ್ಟ್ ದಿನಾ ಅಂದ್ರ ಡಾಕ್ಟ್ರು?" ಎಂದು ಕೇಳಿಯಾರು. ಇದೆಲ್ಲ ದುರುದ್ದೇಶವಲ್ಲ, ಯಾರೂ ಬಂದು ಮಾತಾಡಿಸದಿದ್ದರೆ ಸಿಟ್ಟಾಗುವವನೂ ಇದೇ ರೋಗಿ.

ಎಚ್‌ಐವಿ, ಮನೋರೋಗ, ಮದುವೆಯಾಗಬೇಕಾದ ಹುಡುಗಿಯ ತಪಾಸಣೆ, ಇಲ್ಲಿ ಮಾತ್ರ ನಗೆ ನಿಲ್ಲಬೇಕು. ಇಲ್ಲಿ ಗುಟ್ಟು ಹೊರಬಿದ್ದರೆ ಕೆಲಸ ಹೋಗುತ್ತದೆ, ಸಂಬಂಧ ಮುರಿಯುತ್ತದೆ. ಎಚ್‌ಐವಿಗೂ ಮಾನಸಿಕ ಆರೋಗ್ಯಕ್ಕೂ 2017ರಲ್ಲೇ ಪ್ರತ್ಯೇಕ ಕಾಯ್ದೆಗಳು ಬಂದವು. ಎರಡರಲ್ಲೂ ಗೋಪ್ಯತೆಯ ಕಟ್ಟುಪಾಡಿದೆ. ಕಂಪೌಂಡರಿನ ಗಂಟಲಿಗೆ ಅದಿನ್ನೂ ಇಳಿಯಬೇಕು.

ಈಗ ಸಿದ್ಧಾಂತ. ಊರಿಗೆಲ್ಲ ಸಿಕ್ಕ ಮಾಹಿತಿ ಸಿಗದೇ ಉಳಿಯುವುದು ಒಬ್ಬನಿಗೆ, ರೋಗಿಗೆ. ತನ್ನದೇ ಕೇಸ್ ಪೇಪರ್ ಕೇಳಿದರೆ "ಅದು ಕಾನ್ಫಿಡೆನ್ಶಿಯಲ್ ಐತ್ರಿ, ಕೊಡಾಕ ಬರೂದಿಲ್ಲ" ಎನ್ನುತ್ತಾರೆ. ಬರುತ್ತದೆ. ಅದೇ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ರೋಗದ ಹೆಸರು ಬರೆಯಬೇಕಿಲ್ಲ. ಕೌಂಟರಿನಲ್ಲಿ ಸಾಲು ಹಚ್ಚಿದವರೇ ಹೇಳುತ್ತಾರೆ.