ಹೊಟ್ಟೆಯ ಕುಬಸ

ನಮ್ಮ ಅವ್ವನಿಗೆ ನನ್ನ ಡಾಕ್ಟರ ಮೇಲೆ ಮೊದಲ ದಿನವೇ ಕನಿಕರ ಹುಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಧಾರವಾಡಕ್ಕೆ ಮರಳುವಾಗ ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆ ದಾಟುವವರೆಗೂ ಸುಮ್ಮನೆ ಕೂತಿದ್ದವಳು, ಆಮೇಲೆ ಮೆಲ್ಲಗೆ ಬಾಯಿ ಬಿಟ್ಟಳು: “ಆ ಹುಡುಗನ್ನ ನೋಡಿದೇನ? ಬಡಿಗಿ ಆಗ್ಯಾನ. ಮನ್ಯಾಗ ಉಣ್ಣಾಕ ಹಾಕೋರು ಯಾರೂ ಇಲ್ಲೋ ಏನೋ, ಪಾಪ.”

ಆ ಪಾಪದ ಹುಡುಗ ನನ್ನ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವವನಿದ್ದ.

ಆಗ ನನ್ನ ತೂಕ 124 ಕಿಲೋ. ಚಿಗರಿ ಅಂದರೆ ಜಿಂಕೆ. ಆ ಹೆಸರಿನ ಬಸ್ಸಿನಲ್ಲಿ ದಿನಾ ಒಂದೂವರೆ ಸೀಟು ಹಿಡಿದು ಬ್ಯಾಂಕಿಗೆ ಹೋಗಿಬರುವ ನನ್ನನ್ನು ನೋಡಿ ಯಾರೂ ನಗದೇ ಇದ್ದದ್ದು ಅವಳಿ ನಗರದ ಜನರ ದೊಡ್ಡತನ. ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಎಂಬ ಅಂಕ ಬರುತ್ತದೆ. ನಮ್ಮ ದೇಶದವರಿಗೆ ಅದು 25 ಮುಟ್ಟಿದರೆ ಬೊಜ್ಜು ಎಂದು ಲೆಕ್ಕ. ಆಪರೇಶನ್ನಿಗೆ ಅರ್ಹರಾಗಲು 35 ಬೇಕು ಎಂದರು ಡಾಕ್ಟರು. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಲಿಕ್ಕೂ ಅಷ್ಟೇ ಬೇಕಿತ್ತಲ್ಲವೆ? ಸಕ್ಕರೆ ಕಾಯಿಲೆ ಇದ್ದವರನ್ನು ಅದಕ್ಕಿಂತ ಕಡಿಮೆ ಇದ್ದರೂ ಪರಿಗಣಿಸುತ್ತಾರಂತೆ, ಗ್ರೇಸ್ ಮಾರ್ಕ್ಸ್ ಕೊಟ್ಟ ಹಾಗೆ. ನನಗೆ ಸಕ್ಕರೆಯೂ ಇತ್ತು, ಆದರೆ ಗ್ರೇಸ್ ಬೇಕಾಗಲಿಲ್ಲ. ಸ್ವಂತ ದುಡಿಮೆಯಿಂದಲೇ 44 ಬಂದಿತ್ತು. ಗಣಿತದಲ್ಲಿ ನನಗೆ ಎಂದೂ ಅಷ್ಟು ಬಂದದ್ದಿಲ್ಲ. ಆದರೂ ಬ್ಯಾಂಕಿನಲ್ಲಿ ಕೆಲಸ ಸಿಕ್ಕದ್ದು ಬೇರೆ ಕತೆ.

ಆಪರೇಶನ್ ಎಂದರೆ ನಾನು ತಿಳಿದುಕೊಂಡದ್ದು ಇಷ್ಟು: ಹೋಗುವುದು, ಮಲಗುವುದು, ಮೂಗಿಗೆ ಮಾಸ್ಕ್ ಇಟ್ಟು ಒಂದು, ಎರಡು, ಮೂರು ಎಣಿಸು ಅನ್ನುವುದು, ಏಳುವಷ್ಟರಲ್ಲಿ ತೆಳ್ಳಗಾಗಿರುವುದು. ಮಾಡುವುದೆಲ್ಲ ಅವರು, ನನ್ನದು ಬರೀ ಹಾಜರಿ. ಆದರೆ ಡಾಕ್ಟರು ಆರು ವಾರದ ನಂತರದ ತಾರೀಖು ಕೊಟ್ಟು, “ಅಷ್ಟರೊಳಗೆ ತೂಕ ಇಳಿಸಿಕೊಂಡು ಬರ್ರಿ” ಎಂದರು. ತೂಕ ಇಳಿಸಲಿಕ್ಕಾಗದೆ ಬಂದವನಿಗೆ ಇಳಿಸಿಕೊಂಡು ಬಾ ಎನ್ನುವುದು ಎಂಥ ನ್ಯಾಯ! ಆಮೇಲೆ ನೆನಪಾಯಿತು, ನಮ್ಮ ಬ್ಯಾಂಕಿನಲ್ಲಿ ನಾನೂ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತ ಬಂದಿದ್ದೇನೆ. ಸಾಲ ಕೇಳಲು ಬಂದವನಿಗೆ, ಮೊದಲು ನಿನ್ನ ಹತ್ತಿರ ರೊಕ್ಕ ಇದೆಯೆಂದು ತೋರಿಸು ಅನ್ನುವುದು.

ಡಾಕ್ಟರು ಔಷಧ ಚೀಟಿಯನ್ನು ಬೋರಲು ಹಾಕಿ ಚಿತ್ರ ಬರೆದು ತೋರಿಸಿದರು. ಜಠರವನ್ನು ಉದ್ದಕ್ಕೆ ಕತ್ತರಿಸಿ ಹೊಲಿದು, ಶೇಕಡಾ 75–80ರಷ್ಟನ್ನು ಹೊರಗೆ ತೆಗೆಯುತ್ತಾರೆ. ಉಳಿಯುವುದು ಒಂದು ಬಾಳೆಹಣ್ಣಿನಷ್ಟು ಕೊಳವೆ. “ಯಾಲಕ್ಕಿ ಬಾಳೆಹಣ್ಣೋ, ಪಚ್ಚಬಾಳೆಯೋ?” ಎಂದು ಕೇಳಿದೆ. ಮೂವತ್ತು ವರ್ಷ ಅಡವು ಪತ್ರ ಓದಿದವನು ಅಳತೆಯ ವಿಷಯದಲ್ಲಿ ಅಸ್ಪಷ್ಟತೆ ಸಹಿಸುವುದಿಲ್ಲ. ಅವರು ನಕ್ಕರು, ಉತ್ತರ ಕೊಡಲಿಲ್ಲ. ಬೊಜ್ಜಿಗೆ ಕತ್ತರಿ ಹಿಡಿಯುವ ಈ ದಾರಿಯನ್ನು ಶುರುಮಾಡಿದವರಲ್ಲಿ ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ ದೊಡ್ಡ ಹೆಸರಂತೆ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸೊರಗುವುದನ್ನು ಕಂಡು 1966ರಲ್ಲಿ ಅವರು ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಅಂದರೆ ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ನನ್ನ ಹೊಟ್ಟೆಯ ವಿರುದ್ಧ ಸಂಚು ನಡೆದಿತ್ತು.

ಇನ್ನು ಮೊದಲೇ ಯಾಕೆ ತೆಳ್ಳಗಾಗಬೇಕು? ಅದಕ್ಕೆ ಕಾರಣ ಹೊಟ್ಟೆ ಅಲ್ಲ, ಲಿವರು. ನನ್ನಂಥವರ ಲಿವರಿನಲ್ಲಿ ಕೊಬ್ಬು ತುಂಬಿ, ಅದರ ಎಡಭಾಗ ಜಠರದ ಮೇಲೆ ಬಿದ್ದುಕೊಂಡಿರುತ್ತದೆ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವವರಿಗೆ ಕೆಳಗಿನ ಜಠರವೇ ಕಾಣುವುದಿಲ್ಲ. ಎತ್ತಿ ಹಿಡಿಯಲು ಹೋದರೆ ಬೆಣ್ಣೆಯಂತೆ ಹರಿದು ರಕ್ತ ಬರಬಹುದು. ಕೆಲವೊಮ್ಮೆ ಏನೂ ಮಾಡಲಾಗದೆ ಹಾಗೇ ಮುಚ್ಚಿಕೊಂಡು ಬರಬೇಕಾಗುತ್ತದೆ. ಕೊನೆಯ ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲರಿಯಲ್ಲಿ ಬದುಕಿದರೆ ಲಿವರು ತನ್ನೊಳಗಿನ ಗಂಟನ್ನು ತಾನೇ ಕರಗಿಸಿ ಚಿಕ್ಕದಾಗಿ ಮೆತ್ತಗಾಗುತ್ತದೆ.

ಮನೆಗೆ ಬಂದು ಇದನ್ನೆಲ್ಲ ವಿವರಿಸಿದಾಗ ನನ್ನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: “ರೊಟ್ಟಿ ಬುಟ್ಟಿ ಮ್ಯಾಲ ಬೆಕ್ಕ ಮಲಗಿದಂಗ ಆತಲ್ರೀ.”

ಎರಡು ವಾರದ ಉಪವಾಸ ಇರುವುದು ಕೊನೆಗೆ. ಅದಕ್ಕೆ ಮೊದಲು ನಾಲ್ಕು ವಾರ ಖಾಲಿ ಇತ್ತಲ್ಲ, ನನ್ನ ಕೇಡು ಅಲ್ಲಿ ಶುರುವಾಯಿತು. ಸುದ್ದಿ ಮೊದಲು ಹುಬ್ಬಳ್ಳಿಯ ಅಕ್ಕನಿಗೆ ಹೋಯಿತು. “ತಮ್ಮಾ, ಆಮ್ಯಾಲ ನಿನಗ ತಿನ್ನಾಕ ಬರೂದಿಲ್ಲಂತ. ಈಗರೆ ಬಾಯಿ ತುಂಬ ತಿಂದಕೊ” ಎಂದು ಫೋನಿನಲ್ಲಿ ಅತ್ತಳು. ಮರುದಿನವೇ ಶೇಂಗಾ ಹೋಳಿಗೆ ಹೊತ್ತುಕೊಂಡು ಬಂದಳು. ಅವಳ ಹಿಂದೆ ಕಾಕಾನ ಮನೆಯಿಂದ ಕರಿಗಡಬು ಬಂತು. ಬೀಗರು ಮಾದಲಿ, ತುಪ್ಪ, ಬಿಸಿ ಹಾಲು ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತಂದರು, ಕಲಸುವ ಕಷ್ಟ ಮಾತ್ರ ನನಗೆ ಬಿಟ್ಟರು. ಓಣಿಯ ಕೊನೆಯ ಮನೆಯ ವೈನಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಗುರೆಳ್ಳು ಹಿಂಡಿ, ಕೆನೆ ಮೊಸರು ತಂದಿಟ್ಟು, ಎದುರಿಗೇ ಕೂತು, ನಾನು ಉಣ್ಣುವುದನ್ನು ಕಣ್ಣೊರೆಸಿಕೊಳ್ಳುತ್ತ ನೋಡಿದರು. ಆಫೀಸಿನವರು ದುರ್ಗದಬೈಲಿಗೆ ಕರೆದುಕೊಂಡು ಹೋಗಿ ಗಿರ್ಮಿಟ್ಟು, ಮಿರ್ಚಿಯ ಬೀಳ್ಕೊಡುಗೆ ಸಮಾರಂಭ ಮಾಡಿದರು. ಒಬ್ಬರು ಭಾಷಣವನ್ನೂ ಮಾಡಿದರು.

“ಇದೇನು ಆಪರೇಶನ್ನೋ, ಕುಬಸಾನೋ?” ಎಂದಳು ಹೆಂಡತಿ, ಡಬ್ಬಿಗಳನ್ನು ತೊಳೆದು ಸಾಲಾಗಿ ಬೋರಲು ಹಾಕುತ್ತ.

ಅವಳು ಹೇಳಿದ್ದು ಖರೆ. ನಮ್ಮ ಕಡೆ ಬಸುರಿ ಹೆಂಗಸಿಗೆ ತವರಿನವರು, ಬಂಧುಬಳಗ, ಓಣಿಯವರು ಸರದಿಯಂತೆ ಬುತ್ತಿ ತಂದು ಬಯಕೆ ಊಟ ಮಾಡಿಸುವುದು ಕುಬಸದಲ್ಲಿ. ನನಗೂ ಹೊಟ್ಟೆ ಇತ್ತು, ದವಾಖಾನೆಯವರು ತಾರೀಖೂ ಕೊಟ್ಟಿದ್ದರು. ಅಂದ ಮೇಲೆ ಜನ ಇನ್ನೇನು ಮಾಡಿಯಾರು? ಹಸಿರು ಬಳೆ ಇಡಿಸಲಿಲ್ಲ ಎನ್ನುವುದೇ ಸಮಾಧಾನ. ದೂರದ ನೆಂಟರೊಬ್ಬರು ಒಂದು ಕಿಲೋ ಪೇಢೆ ಕೈಗಿಟ್ಟು, “ಎಲ್ಲಾ ಛಲೋ ಆಗ್ಲಿ” ಎಂದು ಹರಸಿದರು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ ಇಲ್ಲಿ ಮಾಡಲು ಶುರುಮಾಡಿದ ಈ ಪೇಢೆ ಕೊನೆಗೆ ಧಾರವಾಡದ್ದೇ ಆಗಿ ಜಿಐ ಮುದ್ರೆಯನ್ನೂ ಪಡೆಯಿತು. ನನಗನ್ನಿಸುತ್ತದೆ, ಆ ಮುದ್ರೆಗೆ ನನ್ನ ಹೊಟ್ಟೆಯದೂ ಅರ್ಜಿ ಹಾಕಬಹುದಿತ್ತು. ಇಲ್ಲಿಯ ಜೋಳ, ಇಲ್ಲಿಯ ಎಮ್ಮೆಯ ಹಾಲು, ಇಲ್ಲಿಯ ಶೇಂಗಾ, ಇಲ್ಲಿಯ ಕೈಗಳು, ಐವತ್ತು ವರ್ಷದ ಪರಂಪರೆ. ಬೇರೆ ಊರಿನಲ್ಲಿ ಹೀಗೆ ಬರುವುದಿಲ್ಲ.

ನಾಲ್ಕು ವಾರದ ಕೊನೆಗೆ ತೂಕದ ಯಂತ್ರ 127 ತೋರಿಸಿತು. ಡಾಕ್ಟರು ಸಿಟ್ಟಾಗಲಿಲ್ಲ, ಅದೇ ಭಯ ಹುಟ್ಟಿಸಿತು. “ಎಲ್ಲರೂ ಇದನ್ನೇ ಮಾಡ್ತಾರ್ರೀ. ಊಟಕ್ಕೆ ಕೊನೇ ನಮಸ್ಕಾರ ಹೇಳ್ತಾರೆ. ಎರಡು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡ್ತೀನಿ. ಲಿವರು ಇಳಿದಿರದಿದ್ದರೆ ತಾರೀಖು ಮುಂದೆ” ಎಂದರು. ತಾರೀಖು ಮುಂದೆ ಹೋದರೆ ಇನ್ನೊಂದು ಸುತ್ತಿನ ಕುಬಸ ತಪ್ಪಿದ್ದಲ್ಲ ಎಂದು ನನಗೆ ಹೊಳೆದು, ಅಲ್ಲಿಯೇ ಬೆವರಿದೆ.

ಪಥ್ಯದ ಪಟ್ಟಿ ಕೈಗೆ ಬಂತು. ಕೆನೆ ತೆಗೆದ ಹಾಲಿನಲ್ಲಿ ಪ್ರೋಟೀನ್ ಪುಡಿ, ಬೆಣ್ಣೆ ತೆಗೆದ ನೀರು ಮಜ್ಜಿಗೆ, ಸೋಸಿದ ತರಕಾರಿ ಸೂಪು, ಬೇಳೆ ಕಟ್ಟು. ಇಷ್ಟೇ ತಿಂದು ಹಳೆಯ ಪ್ರಮಾಣದಲ್ಲೇ ಸಕ್ಕರೆ ಮಾತ್ರೆ ನುಂಗಿದರೆ ತಲೆಸುತ್ತಿ ಬೀಳುತ್ತೀರಿ ಎಂದು ಮಾತ್ರೆಯನ್ನೂ ಇಳಿಸಿದರು. ಅವ್ವ ಪಟ್ಟಿಯನ್ನು ನನ್ನಿಂದ ಓದಿಸಿ ಕೇಳಿಸಿಕೊಂಡಳು. ಪ್ರೋಟೀನ್ ಪುಡಿಗೆ ಮುಖ ಸಿಂಡರಿಸಿದಳು. ‘ಬೇಳೆ ಕಟ್ಟು’ ಎಂದು ಬಂದದ್ದೇ ತಡ, ಕಣ್ಣು ಅರಳಿದವು.

ಮರುದಿನ ಮಧ್ಯಾಹ್ನ ಅಡಿಗೆಮನೆಯಿಂದ ಯಾಲಕ್ಕಿ ವಾಸನೆ ಬಂತು. ಹೋಗಿ ನೋಡಿದರೆ ಅವ್ವ ಕಡ್ಲಿಬ್ಯಾಳಿ ಬೇಯಿಸಿ, ಕಟ್ಟು ಬಸಿದು ಪಕ್ಕಕ್ಕಿಟ್ಟು, ಬೇಳೆಗೆ ಬೆಲ್ಲ ಹಾಕಿ ಹೂರಣ ರುಬ್ಬುತ್ತಿದ್ದಾಳೆ. ಕಣಕ ನಾದಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿಟ್ಟಿದ್ದಾಳೆ. “ಯವ್ವಾ, ಇದೇನಿದು?” ಎಂದೆ. “ಡಾಕ್ಟರು ಕಟ್ಟು ಅಂದಾನಲ್ಲೋ. ಹೋಳಿಗಿ ಮಾಡಲಾರದ ಕಟ್ಟು ಎಲ್ಲಿಂದ ತರೂದು?” ಎಂದಳು. ಎಂಬತ್ತರ ಹತ್ತಿರ ಬಂದವಳ ಜೊತೆ ತರ್ಕಶಾಸ್ತ್ರದಲ್ಲಿ ಗೆಲ್ಲಲು ಸಾಧ್ಯವೆ? ಮನೆಯವರೆಲ್ಲ ತುಪ್ಪ ಸುರಿದುಕೊಂಡು ಹೋಳಿಗೆ ತಿಂದರು. ನಾನು ಬಟ್ಟಲಿನಲ್ಲಿ ಕಟ್ಟು ಹಿಡಿದು ಅವರ ನಡುವೆ ಕೂತೆ. ಬಟ್ಟಲಿನ ತಳದಲ್ಲಿ ಬೇಳೆಯೊಂದು ಕೂತಿತ್ತು, ಅರ್ಧ ಬೆಂದದ್ದು, ಇಬ್ಭಾಗವಾಗಿ ಬಾಯಿ ತೆರೆದದ್ದು. ಸೋಸಿದ್ದಷ್ಟೇ ಕುಡಿಯಬೇಕು ಎಂದು ಪಟ್ಟಿಯಲ್ಲಿತ್ತು. ಆ ಬೇಳೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಒಂದು ಕಡ್ಲಿಬ್ಯಾಳಿಗೆ ಅಷ್ಟು ರುಚಿ ಇರುತ್ತದೆಂದು ಐವತ್ತೇಳು ವರ್ಷ ನನಗೆ ತಿಳಿದಿರಲಿಲ್ಲ.

ಆ ಎರಡು ವಾರದಲ್ಲಿ ಕಟ್ಟಿಗಾಗಿ ನಾಲ್ಕು ಸಲ ಹೋಳಿಗೆಯಾಯಿತು. ಹೆಂಡತಿ ಎರಡು ಕಿಲೋ ಏರಿದಳು.

ಹಸಿವೆ ಮೊದಲ ಮೂರು ದಿನ ಮಾತ್ರ ರಾಕ್ಷಸ. ಆಮೇಲೆ ಅದು ಸಾಲ ವಸೂಲಿಗೆ ಬಂದವನಂತೆ ಬಾಗಿಲಲ್ಲಿ ಕೂತು, ಕೊನೆಗೆ ಬೇಸರವಾಗಿ ಎದ್ದು ಹೋಗುತ್ತದೆ. ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿನಲ್ಲಿ. ಆಪರೇಶನ್ನಿನಲ್ಲಿ ಕತ್ತರಿಸಿ ಹೋಗುವುದೂ ಅದೇ ಉಬ್ಬು. ಈ ವಿಷಯ ಕೇಳಿದ ಮೇಲೆ ನನಗೆ ಅದರ ಮೇಲೆ ಸ್ವಲ್ಪ ಮಮತೆ ಹುಟ್ಟಿತು. ಸಂಜೆ ಐದಕ್ಕೆ ಸರಿಯಾಗಿ ಕೆಲಸ ಶುರುಮಾಡುವ ಅಷ್ಟು ನಿಷ್ಠೆಯ ನೌಕರ ನಮ್ಮ ಬ್ಯಾಂಕಿನಲ್ಲಿ ಒಬ್ಬನೂ ಇಲ್ಲ.

ಇನ್ನುಳಿದ ತಾಲೀಮುಗಳೂ ಇದ್ದವು. ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಉಸಿರು ಒಳಗೆಳೆದು ಚೆಂಡು ಮೇಲೇರಿಸು ಎಂದರು. ಅರಿವಳಿಕೆಯ ನಂತರ ಶ್ವಾಸಕೋಶ ಕುಗ್ಗಬಾರದಲ್ಲ, ಅದಕ್ಕೆ. ಮೊಮ್ಮಗ ಮೂರೂ ಚೆಂಡು ಏರಿಸಿ ತೋರಿಸಿದ, ನನ್ನದು ಒಂದೂವರೆಗೇ ನಿಂತಿತು. ಬಸ್ಸಿನ ಸೀಟಿನಷ್ಟೇ. ಮುಂದೆ ಬೇಕಾಗುತ್ತದೆಂದು ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯುವುದನ್ನು, ಊಟದ ಜೊತೆ ನೀರು ಕುಡಿಯದಿರುವುದನ್ನು ಈಗಲೇ ರೂಢಿಸಿಕೊ ಎಂದರು. ತುತ್ತೇ ಇಲ್ಲದೆ ಅಗಿಯುವ ಅಭ್ಯಾಸ ಮಾಡುತ್ತಿದ್ದವನನ್ನು ಕಂಡು ಅವ್ವ, “ಎಮ್ಮಿ ಮೆಲಕ ಹಾಕಿದಂಗ ಏನ ಮಾಡಾಕತ್ತಿ?” ಎಂದಳು. ಮನಸ್ಸಿನ ಡಾಕ್ಟರೊಬ್ಬರು, “ನೀವು ಬೇಜಾರಾದಾಗ ತಿಂತೀರಾ?” ಎಂದು ಕೇಳಿದರು. ಬೇಜಾರಾದಾಗ ತಿನ್ನುತ್ತೇನೆ, ಖುಷಿಯಾದಾಗಲೂ. ಏನೂ ಆಗದಿದ್ದರೆ ಅದೇ ಬೇಜಾರು ಎಂದೆ. ಅವರು ಬಹಳ ಹೊತ್ತು ಬರೆದುಕೊಂಡರು.

ನಡೆಯಲೂ ಹೇಳಿದ್ದರು. ನಾನು ವಿಶ್ವವಿದ್ಯಾಲಯದ ಆವರಣವನ್ನು ಬಿಟ್ಟು ಹುಬ್ಬಳ್ಳಿಯ ರೈಲು ನಿಲ್ದಾಣವನ್ನು ಆರಿಸಿಕೊಂಡೆ. ಅಲ್ಲಿಯ ಎಂಟನೇ ಪ್ಲಾಟ್‌ಫಾರ್ಮು 1507 ಮೀಟರ್, ಜಗತ್ತಿನಲ್ಲೇ ಉದ್ದ ಎಂದು 2023ರಲ್ಲಿ ಉದ್ಘಾಟನೆಯಾದದ್ದು. ಒಂದು ಸಲ ಹೋಗಿ ಬಂದರೆ ಮೂರು ಕಿಲೋಮೀಟರ್. ಮಳೆ, ಬಿಸಿಲು, ನಾಯಿ, ಪರಿಚಯದವರು ಯಾರ ಕಾಟವೂ ಇಲ್ಲ. ಬ್ಯಾಂಕು ಮುಗಿಸಿ ಪ್ಲಾಟ್‌ಫಾರ್ಮ್ ಟಿಕೀಟು ತೆಗೆದು ನಡೆಯುತ್ತಿದ್ದೆ. ಮೂರನೆಯ ದಿನ ಟಿಕೀಟು ನೋಡುವವರು ತಡೆದು, “ಯಾರನ್ನ ಕರಕೊಂಡು ಹೋಗಾಕ ಬಂದೀರಿ?” ಎಂದು ಕೇಳಿದರು. “ಆರು ಕಿಲೋ ಇಳಿಸಿ ಹೋಗಾಕ ಬಂದೀನ್ರಿ” ಎಂದೆ. ಲಗೇಜು ಎಂದು ತಿಳಿದು ಅತ್ತಿತ್ತ ಹುಡುಕಿದರು.

ಹದಿನಾಲ್ಕನೆಯ ದಿನ 121 ಬಂತು. ಸ್ಕ್ಯಾನ್ ಮಾಡಿದರು. ಬೆಕ್ಕು ಎದ್ದು ಪಕ್ಕಕ್ಕೆ ಸರಿದಿತ್ತು.

ಆಪರೇಶನ್ನಿನ ದಿನ ನಸುಕಿನಲ್ಲಿ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಹಿಂದಿನ ರಾತ್ರಿಯಿಂದ ನನಗೆ ಹನಿ ನೀರೂ ಇಲ್ಲ. ಹೆಂಡತಿ ಗಾಬರಿಯಿಂದ ಅಡಿಗೆಮನೆಗೆ ಓಡಿದಳು. “ಅತ್ತೀ, ಅವ್ರು ಇವತ್ತ ಏನೂ ಬಾಯಾಗ ಇಡೂಹಂಗಿಲ್ಲರಿ!”

“ಅಂವಗಲ್ಲವಾ. ಆ ಹುಡುಗಗ,” ಎಂದಳು ಅವ್ವ. “ಇಂವನ್ನ ಕೊಯ್ಯಾಕ ಎಷ್ಟೊತ್ತ ನಿಂದರಬೇಕೋ ಏನೋ. ರಟ್ಯಾಗ ಕಸುವು ಬ್ಯಾಡ?”

ಚಿಗರಿಯಲ್ಲಿ ಹೆಂಡತಿಯ ಕೈತುಂಬ ಫೈಲು, ಅವ್ವನ ಕೈಯಲ್ಲಿ ಕೋಲು. ಬುತ್ತಿ ನನ್ನ ತೊಡೆಯ ಮೇಲೆಯೇ ಬಂತು. ಬಟ್ಟೆಯ ಗಂಟಿನಿಂದ ರೊಟ್ಟಿಯ ಬಿಸಿ ಪ್ಯಾಂಟಿಗೆ ತಾಗುತ್ತಿತ್ತು, ಶೇಂಗಾ ಹಿಂಡಿಯ ವಾಸನೆ ಮೂಗಿನವರೆಗೆ ಬಂದು ಹೋಗುತ್ತಿತ್ತು. ಪಕ್ಕದ ಸೀಟಿನವನು ಗಂಟನ್ನೂ ನನ್ನನ್ನೂ ನೋಡಿ, “ಮುಂಜಾನೆದ್ದು ಬುತ್ತಿ ಕಟಗೊಂಡು ಎಲ್ಲಿಗೆ ಹೊಂಟೀರಿ ಯಜಮಾನ್ರ?” ಎಂದ.

“ಕುಬಸಕ್ಕ್ರಿ,” ಎಂದೆ.

“ಹೌದೇನ್ರಿ, ಛಲೋ ಆತು,” ಎಂದು ಆತ ಕಿಟಕಿಯ ಕಡೆ ಇನ್ನಷ್ಟು ಸರಿದು, ನನ್ನ ಉಳಿದರ್ಧಕ್ಕೆ ಜಾಗ ಮಾಡಿಕೊಟ್ಟ.