ಎರಡು ಚೌತಿಯ ಚಂದ್ರ

ಚಂದ್ರನ ಜೊತೆ ನಮ್ಮ ವ್ಯವಹಾರ ಸ್ವಲ್ಪ ವಿಚಿತ್ರವೇ. ಭಾದ್ರಪದ ಶುಕ್ಲ ಚೌತಿಯಂದು ಅವನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ. ಶಮಂತಕ ಮಣಿಯ ದೆಸೆಯಿಂದ ಕೃಷ್ಣನಂಥವನೇ ಊರ ಬಾಯಿಗೆ ಬಿದ್ದ. ಹುಣ್ಣಿಮೆ ಕಳೆದು ಇನ್ನೊಂದು ಚೌತಿ ಬಂತೋ, ಅದು ಸಂಕಷ್ಟಿ. ಅಂದು ಅವನ ಮುಖ ನೋಡದೆ ತುತ್ತು ಎತ್ತುವಂತಿಲ್ಲ.

ಈ ಏರ್ಪಾಡು ಮಾಡಿದವರು ಆಕಾಶವನ್ನು ಬಲ್ಲವರು. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ. ಶುಕ್ಲ ಚೌತಿಯಲ್ಲಿ ಅವನಿನ್ನೂ ಸೂರ್ಯನ ಬೆನ್ನಿಗೇ ಇರುತ್ತಾನೆ. ಸಂಜೆ ಪಶ್ಚಿಮದಲ್ಲಿ ತೆಳ್ಳಗೆ ತೋರಿ, ಎಂಟೂವರೆ ಒಂಬತ್ತಕ್ಕೆಲ್ಲ ಮುಳುಗುತ್ತಾನೆ. ಅಷ್ಟು ಹೊತ್ತು ಪಡುವಣಕ್ಕೆ ಮುಖ ಮಾಡದಿದ್ದರಾಯಿತು. ಬೀದಿ ಬೀದಿ ಸುತ್ತಿ ಗಣಪತಿ ನೋಡುವ ಹೊತ್ತೂ ಅದೇ ಎಂಬುದೊಂದು ಕಷ್ಟ. ಹುಣ್ಣಿಮೆಯ ಚಂದ್ರನಾದರೋ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ. ಅಲ್ಲಿಂದ ದಿನಕ್ಕೆ ಸರಾಸರಿ 50 ನಿಮಿಷ ತಡ. ಸಂಕಷ್ಟಿಯ ಹೊತ್ತಿಗೆ ಈ ತಡವೆಲ್ಲ ಸೇರಿ ರಾತ್ರಿ ಒಂಬತ್ತರ ಆಸುಪಾಸಾಗುತ್ತದೆ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ, ನಿಜ. ಆದರೆ ಎದುರಿನ ನಾಲ್ಕಂತಸ್ತಿನ ಕಟ್ಟಡ ಅದನ್ನು ಓದಿರುವುದಿಲ್ಲ. ನಮ್ಮ ಸೋದರತ್ತೆಯ ಹಸಿವಿನಲ್ಲಿ ಅರ್ಧ ಗಂಟೆ ಆ ಕಟ್ಟಡದ ಮಾಲೀಕರದ್ದು. ಮಳೆಗಾಲದಲ್ಲಿ ಮಾತ್ರ ಅತ್ತೆ ಮೋಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಕ್ಯಾಲೆಂಡರನ್ನೇ ನಂಬಿ ಎಲೆ ಹಾಕಿಸುತ್ತಾರೆ.

ಚಂದ್ರ ಸವೆಯುವುದೇಕೆ? ಅತ್ತೆಯ ಪ್ರಕಾರ ದಕ್ಷನ ಶಾಪ. ಇಪ್ಪತ್ತೇಳು ಹೆಂಡಿರಿದ್ದೂ ರೋಹಿಣಿಯ ಮನೆಯಲ್ಲೇ ಬೀಡುಬಿಟ್ಟರೆ ಯಾವ ಮಾವ ಸುಮ್ಮನಿದ್ದಾನು? ಮೇಲಿನ ಮನೆಯ ರಾಯರು ವಿಜ್ಞಾನದ ಕಡೆಯವರು. "ಅದೆಲ್ಲ ಪುರಾಣ. ಭೂಮಿ ನೆರಳು ಬೀಳುತ್ತಲ್ಲ, ಅಷ್ಟೇ" ಎಂದು ತೀರ್ಪು ಕೊಟ್ಟರು. ನನಗೆ ದಕ್ಷನ ಶಾಪವೇ ವಾಸಿ ಎನಿಸಿತು. ಅದರಲ್ಲಿ ಕತೆಯಾದರೂ ಇದೆ.

ಮಾರನೆಯ ಬೆಳಿಗ್ಗೆ ತಾರಸಿಯಲ್ಲಿ ರಾಯರು ಸಿಕ್ಕರು. ಪೂರ್ವದಲ್ಲಿ ಸೂರ್ಯ, ಪಶ್ಚಿಮದಲ್ಲಿ ಪಂಚಮಿಯ ಚಂದ್ರ, ಒಂದು ಅಂಚು ಕರಗಿದಂತೆ. "ರಾಯರೇ, ಇಬ್ಬರೂ ತಲೆಯ ಮೇಲಿದ್ದಾರೆ, ಭೂಮಿ ಕಾಲ ಕೆಳಗಿದೆ. ನೆರಳು ಯಾವ ದಾರಿಯಿಂದ ಹೋಗಿ ಬಿತ್ತು?" ಎಂದೆ. ಸಂಕಷ್ಟಿಯ ಪ್ರಸಾದವಾಗಿ ಉಳಿದಿದ್ದ ರವೆ ಉಂಡೆಯೊಂದನ್ನು ಬಿಸಿಲಿನಲ್ಲಿ, ಚಂದ್ರನ ಪಕ್ಕಕ್ಕೇ ಬರುವಂತೆ ಎತ್ತಿ ಹಿಡಿದೆ. ಚಂದ್ರನ ಯಾವ ಅಂಚು ಕರಗಿತ್ತೋ ಉಂಡೆಯದೂ ಅದೇ ಅಂಚು ಮಬ್ಬಾಗಿತ್ತು. ಸೂರ್ಯನ ಕಡೆಗಿದ್ದ ಅರ್ಧ ಬೆಳಗಿದೆ, ಇನ್ನರ್ಧ ತನ್ನದೇ ಮರೆಯಲ್ಲಿದೆ. ಬೆಳಗಿದ್ದರಲ್ಲಿ ನಮಗೆ ಎಷ್ಟು ಕಾಣುತ್ತದೆ ಎನ್ನುವುದು ನಾವು ಯಾವ ಪಕ್ಕದಿಂದ ನೋಡುತ್ತೇವೆ ಎಂಬುದರ ಮೇಲೆ. ಚಂದ್ರನ ಅರ್ಧ ಸದಾ ಬೆಳಗಿಯೇ ಇರುತ್ತದೆ, ಅಮಾವಾಸ್ಯೆಯಂದೂ. ಆವತ್ತು ಆ ಅರ್ಧ ನಮಗೆ ಬೆನ್ನು ಹಾಕಿರುತ್ತದೆ, ಅಷ್ಟೇ. ಆರ್ಯಭಟ 499ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅವನ ಕೈಯಲ್ಲಿ ಉಂಡೆ ಇತ್ತೋ ಇಲ್ಲವೋ.

ಅಷ್ಟಮಿಯ ಅರ್ಧ ಚಂದ್ರನಿಂದ ಹುಣ್ಣಿಮೆಯ ಅರ್ಧದಷ್ಟು ಬೆಳಕು ಬರುತ್ತದೆಂದು ಭಾವಿಸುವುದು ಬೇಡ. ಬರುವುದು ಹೆಚ್ಚು ಕಡಿಮೆ ಹತ್ತನೇ ಒಂದು ಪಾಲು. ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲಿನ ಹಳ್ಳದಿಣ್ಣೆಗಳ ನೆರಳೇ ಬೆಳಕನ್ನು ನುಂಗುತ್ತದೆ. ಅಂತೂ ನೆರಳಿನ ಮಾತು ಪೂರ್ತಿ ಸುಳ್ಳಲ್ಲ ಎಂದು ರಾಯರಿಗೆ ಸಮಾಧಾನ ಹೇಳಿದೆ.

ರಾಯರು ಸೋಲುವವರಲ್ಲ. "ಸರಿ, ಹಾಗಾದ್ರೆ ಹುಣ್ಣಿಮೆ ದಿನ ಭೂಮಿ ಮಧ್ಯೆ ಬರುತ್ತಲ್ಲ? ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಾಗಲ್ಲ?"

ಪ್ರಶ್ನೆ ಒಳ್ಳೆಯದೇ. ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ. ಹಾಗಾಗಿ ಬಹುತೇಕ ಹುಣ್ಣಿಮೆಗಳಲ್ಲಿ ಅವನು ನಮ್ಮ ನೆರಳಿನ ಮೇಲಿಂದಲೋ ಕೆಳಗಿಂದಲೋ ನುಸುಳಿಕೊಳ್ಳುತ್ತಾನೆ ಎಂದೆ. ರಾಯರು ಒಂದು ಗಳಿಗೆ ಯೋಚಿಸಿ, "ವಾಲಿದ್ದು ಯಾಕೆ?" ಎಂದು ಬಾಯಿ ತೆರೆದರು. ಉಂಡೆಯನ್ನು ಅವರ ಕೈಗೆ ಕೊಟ್ಟು, "ಪ್ರಸಾದ, ತಗೊಳ್ಳಿ" ಎಂದೆ.