ಪೆಟ್ಟಿಗೆ ಪರೀಕ್ಷಾ ಪ್ರಕರಣ

ಟಿವಿಯ ಎಚ್‌ಡಿಎಂಐ ಕಿಂಡಿಗೆ, ಅಂದರೆ ಚಿತ್ರ ಮತ್ತು ಧ್ವನಿಗಳೆರಡೂ ಒಂದೇ ಕೇಬಲ್‌ನಲ್ಲಿ ಸಾಗಿಬರುವ ದ್ವಾರಕ್ಕೆ ಸಿಕ್ಕಿಸಿ ಅಂತರ್ಜಾಲದ ಸಿನಿಮಾಗಳನ್ನು ತೋರಿಸುವ ಸ್ಟ್ರೀಮಿಂಗ್ ಪೆಟ್ಟಿಗೆಯ ಖರೀದಿಯು ಗೃಹಸ್ಥರಿಗೆ ಹದಿನೇಳನೆಯ ಸಂಸ್ಕಾರವಾಗಿರುವುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಈ ಸಂವಾದವು ಅಧ್ಯಯನಾರ್ಹವಾಗಿದೆ.

“ಇದರ ಮೇಲೆ 8ಕೆ ಎಂದು ಬರೆದಿದೆ, ನಿಜವೇ?”

“ಬರೆದಿರುವುದು ನಿಜ, ಸ್ವಾಮಿ.”

“ವೈಡ್‌ವೈನ್ ಎಲ್1 ಇದೆಯೇ?” ಎಂದು, ಕಳ್ಳನಕಲು ತಡೆಯುವ ಆ ಡಿಜಿಟಲ್ ಬೀಗದ ಮೇಲ್ದರ್ಜೆಯಿಲ್ಲದ ಪೆಟ್ಟಿಗೆಗೆ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಸಾಮಾನ್ಯವಾಗಿ 480 ಗೆರೆಗಳ ಮಸುಕು ಚಿತ್ರವನ್ನಷ್ಟೇ ಕಳಿಸುತ್ತವೆಂದು ಬಲ್ಲ ಗಿರಾಕಿ ಪ್ರಶ್ನಿಸಿದರು.

“ಅದಿಲ್ಲ, ಆದರೆ ರಿಮೋಟಿನಲ್ಲಿ ನೀಲಿ ದೀಪವಿದೆ. ತಮ್ಮ ಟಿವಿ ಯಾವುದು?”

“2009ರದು, ಎಚ್‌ಡಿ ರೆಡಿ, 768 ಗೆರೆ.”

“ಹಾಗಿದ್ದರೆ ಮಸುಕು ಪೆಟ್ಟಿಗೆಯದೋ ಟಿವಿಯದೋ ಎಂಬ ವ್ಯಾಜ್ಯವನ್ನು ಮನೆಯವರು ವರ್ಷವಿಡೀ ನಡೆಸಬಹುದು, ಸ್ವಾಮಿ, ಸಿನಿಮಾಕ್ಕೆ ಚಂದಾ ಕಟ್ಟುವ ಅಗತ್ಯವೇ ಬೀಳುವುದಿಲ್ಲ.”